ಬಸಿದ ಮೇಲೆ ಉಳಿದದ್ದು ಕಸವೇ?

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಪತ್ನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು ಬರೆದುಕೊಟ್ಟ ಪಥ್ಯದ ಪಟ್ಟಿಯಲ್ಲಿ ಮೊದಲ ಸಾಲೇ ‘ದಿನಕ್ಕೆರಡು ಬಾರಿ ತಿಳಿಯಾಗಿ ಬಸಿದ ತರಕಾರಿ ಸೂಪು, ಎರಡು ವಾರ’ ಎಂದಿತ್ತು. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದ ನನಗೆ ಕಾಫಿ ಬೆರೆಸುವುದರಾಚೆಗೆ ಯಾವ ಪಾಕಜ್ಞಾನವೂ ಇರಲಿಲ್ಲ. ಪರದೇಶದಲ್ಲಿರುವ ಮಗಳು ಫೋನಿನಲ್ಲಿ ವಿಧಾನವನ್ನು ಹೇಳಿದಳು. ಕ್ಯಾರೆಟ್, ಹುರುಳಿಕಾಯಿ, ನವಿಲುಕೋಸು, ಈರುಳ್ಳಿ, ಒಂದು ಟೊಮೆಟೊ, ನಾಲ್ಕು ಕಾಳು ಮೆಣಸು ಸೇರಿ ಅರ್ಧ ಕಿಲೋ. ಎರಡು ಲೀಟರ್ ನೀರು. ಮುಕ್ಕಾಲು ಗಂಟೆ ಸಣ್ಣ ಉರಿ. ಆಮೇಲೆ ಜಾಲರಿಯಲ್ಲಿ ಬಸಿಯುವುದು. ಹಾಗೆಯೇ ಮಾಡಿದೆ. ಸೂಪು ಚೆನ್ನಾಗಿಯೇ ಬಂತು. ಜಾಲರಿಯಲ್ಲಿ ಉಳಿದ ತರಕಾರಿಯನ್ನು ಹಸಿ ಕಸದ ಹಸಿರು ಬುಟ್ಟಿಗೆ ಸುರಿದೆ.

ಮೂರು ದಿನ ಇದು ನಡೆಯಿತು. ನಾಲ್ಕನೆಯ ದಿನ ನಮ್ಮ ಮನೆಗೆಲಸಕ್ಕೆ ಬರುವ ಮದ್ದೂರು ಕಡೆಯ ಹೆಣ್ಣುಮಗಳು ಬುಟ್ಟಿಯ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟಳು. “ಇದ್ಯಾಕ್ ಸಾರ್ ಕಸಕ್ಕೆ ಹಾಕವ್ರೆ? ಬಸ್ದಿದ್ದು ಸಾರಿಗೆ ಅಂದ್ರೆ, ಉಳ್ದಿದ್ದು ಪಲ್ಯಕ್ಕಲ್ವಾ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಕುಣಿಗಲ್ ಸೀಮೆಯ ಹಳ್ಳಿಯೊಂದರಲ್ಲಿ ಬಸ್ಸಾರು ಉಂಡು ಬೆಳೆದವನು ನಾನು. ಸ್ನಾತಕೋತ್ತರ ಪದವಿಗೆ ಅರ್ಥಶಾಸ್ತ್ರ ಓದಿದವನು. ಸೇವೆಯಲ್ಲಿದ್ದಾಗ ನಗರದ ಘನತ್ಯಾಜ್ಯದ ಕಡತಗಳಿಗೆ ಟಿಪ್ಪಣಿ ಬರೆದವನು. ಮೂರೂ ವಿದ್ಯೆಗಳು ಆ ಕ್ಷಣದಲ್ಲಿ ನನ್ನ ನೆರವಿಗೆ ಬರಲಿಲ್ಲ.

ಅಂದು ಸಂಜೆ ಬಸಿದ ತರಕಾರಿಯನ್ನು ತಕ್ಕಡಿಗೆ ಹಾಕಿ ನೋಡಿದೆ. ಅರ್ಧ ಕಿಲೋ ಹಾಕಿದ್ದಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ ಉಳಿದಿತ್ತು. ಅಂದರೆ ನಾನು ಸಾರವನ್ನು ಮಾತ್ರ ಇಟ್ಟುಕೊಂಡು, ಕೊಂಡು ತಂದ ವಸ್ತುವಿನ ತೂಕವನ್ನೆಲ್ಲ ಬುಟ್ಟಿಗೆ ಹಾಕುತ್ತಿದ್ದೆ. ಎರಡು ವಾರಕ್ಕೆ ಏಳು ಕಿಲೋ.

ಹಳೆಯ ಮೈಸೂರು ಸೀಮೆಯ ಓದುಗರಿಗೆ ಬಸ್ಸಾರನ್ನು ವಿವರಿಸುವ ಅಗತ್ಯವಿಲ್ಲ. ಉಳಿದವರಿಗಾಗಿ ಎರಡು ಮಾತು. ತೊಗರಿಬೇಳೆಯನ್ನೋ, ಹೆಸರುಕಾಳು, ಅಲಸಂದೆ, ಅವರೆಕಾಳುಗಳಲ್ಲಿ ಯಾವುದಾದರೊಂದನ್ನೋ ದಂಟಿನ ಸೊಪ್ಪು, ಸಬ್ಬಸಿಗೆ, ಮೂಲಂಗಿ ಸೊಪ್ಪು ಅಥವಾ ಹುರುಳಿಕಾಯಿಯಂಥ ತರಕಾರಿಯೊಡನೆ ಧಾರಾಳ ನೀರಿನಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ನೀರನ್ನು ಬಸಿಯುತ್ತಾರೆ. ಆ ನೀರಿಗೆ ‘ಕಟ್ಟು’ ಎಂದು ಹೆಸರು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ತೆಂಗಿನಕಾಯಿ, ಹುಣಸೆಹಣ್ಣಿನ ಜೊತೆಗೆ ಬೆಂದ ಕಾಳು-ಸೊಪ್ಪಿನದೇ ಒಂದು ಹಿಡಿಯನ್ನು ಸೇರಿಸಿ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಪಾತ್ರೆಯಲ್ಲಿ ಉಳಿದ ಕಾಳು-ಸೊಪ್ಪಿಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಎರಡೂ ರಾಗಿಮುದ್ದೆಯ ಅಕ್ಕಪಕ್ಕಕ್ಕೆ ಬರುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಅಡುಗೆಯಲ್ಲಿ ‘ಉಳಿದದ್ದು’ ಎಂಬ ಭಾಗವೇ ಇಲ್ಲ. ಒಲೆಯ ಮೇಲೆ ಪಾತ್ರೆ ಇಡುವಾಗಲೇ ಎರಡು ಪದಾರ್ಥಗಳ ಲೆಕ್ಕ ಹಾಕಲಾಗಿರುತ್ತದೆ.

ಇದು ಒಂದು ಸೀಮೆಯ ಅಥವಾ ಒಂದು ಜಾತಿಯ ವಿಶೇಷವಲ್ಲ. ಯುಗಾದಿಯ ದಿನ ಹೂರಣಕ್ಕೆ ಬೇಯಿಸಿದ ಬೇಳೆಯಿಂದ ಬಸಿದ ಕಟ್ಟೇ ಮಧ್ಯಾಹ್ನದ ಊಟಕ್ಕೆ ಒಬ್ಬಟ್ಟಿನ ಸಾರಾಗುತ್ತದೆ. ಹುರುಳಿಯನ್ನು ಬೇಯಿಸಿ ಕಟ್ಟನ್ನು ಮನೆಯವರು ಸಾರು ಮಾಡಿಕೊಂಡು, ಕಾಳನ್ನು ಉಳುವ ಎತ್ತುಗಳಿಗೆ ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ. ಕರಾವಳಿಯಲ್ಲಿ ಕಲ್ಲಂಗಡಿ ಹಣ್ಣಿನ ಬಿಳಿಯ ತಿರುಳು ದೋಸೆಯ ಹಿಟ್ಟಿಗೆ ಸೇರುತ್ತದೆ. ಮನುಷ್ಯರು ತಿನ್ನಲಾಗದ್ದು ಅಕ್ಕಿ ತೊಳೆದ ನೀರಿನೊಡನೆ ಕಲಗಚ್ಚಿನ ಬಾನಿಗೆ ಹೋಗಿ ಹಸುವಿನ ಹೊಟ್ಟೆ ಸೇರುತ್ತಿತ್ತು. ನಗರದ ಮನೆಯಲ್ಲಿ ಹಸುವಿಲ್ಲ, ಕಲಗಚ್ಚು ಎಂಬ ಮಾತು ಗೊತ್ತಿರುವ ಮೊಮ್ಮಕ್ಕಳೂ ಇಲ್ಲ.

ಹಾಗೆಂದು ಪಾಶ್ಚಾತ್ಯರು ದುಂದುಗಾರರು, ನಾವು ಮಿತವ್ಯಯಿಗಳು ಎಂದು ಷರಾ ಬರೆಯುವುದು ಅನ್ಯಾಯವಾದೀತು. ಅಲ್ಲಿನ ‘ಸ್ಟಾಕ್’ ಎಂಬ ಬಸಿದ ನೀರೂ ಹುಟ್ಟಿದ್ದು ಮಿತವ್ಯಯದಿಂದಲೇ. ದೊಡ್ಡ ಭೋಜನಶಾಲೆಗಳ ಅಡುಗೆಮನೆಯಲ್ಲಿ ತರಕಾರಿಯನ್ನು ಓರಣವಾಗಿ ಕತ್ತರಿಸುವಾಗ ಬೀಳುವ ತುದಿ, ಬುಡ, ದಂಟು, ಮೂಳೆಗಳಿಂದ ರುಚಿ ತೆಗೆಯುವ ಉಪಾಯ ಅದು. ಸತ್ವವನ್ನು ಹೀರಿಸಿಕೊಂಡ ಆ ಚೂರುಗಳನ್ನು ಎಸೆದರೆ ಹೆಚ್ಚಿನ ನಷ್ಟವೇನೂ ಇಲ್ಲ. ಫ್ರಾನ್ಸಿನ ಮನೆಗಳಲ್ಲಿ ‘ಪೊ-ತೊ-ಫ’ ಎಂಬ ಅಡುಗೆಯಿದೆ. ಬಸಿದ ನೀರನ್ನು ಮೊದಲು ಸೂಪಾಗಿ ಬಡಿಸಿ, ಅದರಲ್ಲಿ ಬೆಂದ ಮಾಂಸ, ತರಕಾರಿಗಳನ್ನು ಅನಂತರ ಮುಖ್ಯ ಊಟವಾಗಿ ಬಡಿಸುತ್ತಾರೆ. ಅದು ಅವರ ಬಸ್ಸಾರು. ಜಪಾನಿನವರು ಕೊಂಬು ಎಂಬ ಸಮುದ್ರದ ಪಾಚಿಯಿಂದ ‘ದಾಶಿ’ ಎಂಬ ತಿಳಿಸಾರನ್ನು ಒಮ್ಮೆ ತೆಗೆಯುತ್ತಾರೆ, ಅದೇ ಪಾಚಿಯಿಂದ ಎರಡನೆಯ ಬಾರಿ ತೆಗೆಯುತ್ತಾರೆ, ಕೊನೆಗೆ ಪಾಚಿಯನ್ನು ಸಣ್ಣಗೆ ಹೆಚ್ಚಿ ಸೋಯಾ ರಸದಲ್ಲಿ ಬತ್ತಿಸಿ ಅನ್ನಕ್ಕೆ ನಂಜಿಕೊಳ್ಳುತ್ತಾರೆ. ತಪ್ಪು ನಡೆದದ್ದು ಬೇರೊಂದು ಕಡೆ. ಚೂರುಪಾರುಗಳಿಗೆಂದು ಹುಟ್ಟಿದ ವಿಧಾನವನ್ನು ನಮ್ಮಂಥ ಮಧ್ಯಮವರ್ಗದವರು ಪುಸ್ತಕದಿಂದಲೂ ದೂರದರ್ಶನದಿಂದಲೂ ಎತ್ತಿಕೊಂಡು, ಮಾರುಕಟ್ಟೆಯಿಂದ ತಂದ ಇಡೀ ಕ್ಯಾರೆಟ್ಟಿಗೆ ಅನ್ವಯಿಸಿದೆವು. ಎಸೆಯುವ ಸೂಚನೆಯನ್ನೂ ಪಾಕವಿಧಾನದ ಭಾಗವೆಂದೇ ವಿಧೇಯವಾಗಿ ಪಾಲಿಸಿದೆವು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಆಲ್ಫ್ರೆಡ್ ಮಾರ್ಷಲ್‌ನ ‘ಪ್ರಿನ್ಸಿಪಲ್ಸ್ ಆಫ್ ಎಕನಾಮಿಕ್ಸ್’ ಪರಿಚಿತ ಗ್ರಂಥ. 1890ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಜಂಟಿ ಪೂರೈಕೆ ಎಂಬ ವಿಚಾರ ಬರುತ್ತದೆ. ಗೋಧಿ ಬೆಳೆದರೆ ಹುಲ್ಲೂ ಬರುತ್ತದೆ, ಮಾಂಸದ ಜೊತೆಗೆ ಚರ್ಮವೂ ಬರುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಉತ್ಪಾದಿಸಲಾಗದು. ಇಂಥ ಜೋಡಿ ಸರಕುಗಳಲ್ಲಿ ಒಟ್ಟು ವೆಚ್ಚ ಇಷ್ಟೆಂದು ಹೇಳಬಹುದೇ ಹೊರತು, ಹುಲ್ಲಿಗೆ ತಗುಲಿದ್ದೆಷ್ಟು, ಕಾಳಿಗೆ ತಗುಲಿದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಸೂಪೂ ಹಾಗೆಯೇ. ನಲವತ್ತು ರೂಪಾಯಿಯ ತರಕಾರಿಯಿಂದ ಸೂಪು ಮಾತ್ರ ಬಂತು ಎಂದುಕೊಂಡರೆ ಸೂಪಿನ ಬೆಲೆ ನಲವತ್ತು ರೂಪಾಯಿ, ಉಳಿದದ್ದರ ಬೆಲೆ ಸೊನ್ನೆ. ಸೊನ್ನೆ ಬೆಲೆಯ ವಸ್ತುವನ್ನು ಎಸೆಯುವುದು ತರ್ಕಬದ್ಧವಾಗಿಯೇ ಕಾಣುತ್ತದೆ. ಆ ಸೊನ್ನೆಯನ್ನು ಬರೆದವರು ಯಾರು? ಮಾರುಕಟ್ಟೆಯಲ್ಲ, ನಾವೇ. ಕಸವೆಂಬುದು ಬಹಳಷ್ಟು ಸಂದರ್ಭಗಳಲ್ಲಿ ವಸ್ತುವಿನ ಗುಣವಲ್ಲ, ಲೆಕ್ಕ ಬರೆಯುವ ಕ್ರಮ.

ಇದಕ್ಕೆ ಒಂದು ವಿಚಿತ್ರವಾದ ಪುರಾವೆ ಆಸ್ಪತ್ರೆಯಲ್ಲೇ ಇದೆ. ಮೂತ್ರಪಿಂಡದ ಕಾಯಿಲೆಯಿಂದ ಬಳಲುವ ಕೆಲವು ರೋಗಿಗಳು ಪೊಟ್ಯಾಸಿಯಂ ಕಡಿಮೆ ಸೇವಿಸಬೇಕಾಗುತ್ತದೆ. ಅಂಥವರಿಗೆ ಪಥ್ಯತಜ್ಞರು ಹೇಳುವುದು, ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ನೀರನ್ನು ಚೆಲ್ಲಿ, ತರಕಾರಿಯನ್ನು ತಿನ್ನಿ ಎಂದು. ನನ್ನ ಪತ್ನಿಗೆ ನೀರೇ ಆಹಾರ, ತರಕಾರಿ ಕಸ. ಪಕ್ಕದ ಕೊಠಡಿಯ ರೋಗಿಗೆ ತರಕಾರಿ ಆಹಾರ, ನೀರು ಕಸ.

ಬೆಂದ ತರಕಾರಿಯಲ್ಲಿ ಇನ್ನೇನು ಉಳಿದಿರುತ್ತದೆ, ಬರೀ ಹಿಪ್ಪೆ ತಾನೆ ಎಂಬ ಆಕ್ಷೇಪಣೆ ಸಹಜ. ಇದು ಅರ್ಧ ನಿಜ. ನೀರಿನಲ್ಲಿ ಕರಗುವ ‘ಸಿ’ ಜೀವಸತ್ವ, ‘ಬಿ’ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂ, ಸಕ್ಕರೆಯ ಅಂಶ ಇವುಗಳಲ್ಲಿ ಸಾಕಷ್ಟು ಭಾಗ ಸೂಪಿಗೆ ಇಳಿಯುತ್ತದೆ. ‘ಸಿ’ ಜೀವಸತ್ವವಂತೂ ಬಿಸಿಗೆ ಒಂದಿಷ್ಟು ನಾಶವೂ ಆಗುತ್ತದೆ. ಆದರೆ ನಾರಿನ ಬಹುಪಾಲು ತರಕಾರಿಯಲ್ಲೇ ಉಳಿಯುತ್ತದೆ. ಕ್ಯಾರೆಟ್ಟಿನ ಕೆಂಬಣ್ಣಕ್ಕೆ ಕಾರಣವಾದ ಕ್ಯಾರೋಟಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬೆಂದ ಕ್ಯಾರೆಟ್ಟಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಬಿದ್ದರೆ ದೇಹಕ್ಕೆ ಅದು ಹಸಿ ಕ್ಯಾರೆಟ್ಟಿನದಕ್ಕಿಂತ ಸುಲಭವಾಗಿ ದಕ್ಕುತ್ತದೆ. ಬೇಳೆಕಾಳು ಸೇರಿದ್ದರೆ ಸಸಾರಜನಕದ ಹೆಚ್ಚಿನ ಭಾಗವೂ ಕಾಳಿನಲ್ಲೇ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ವಯಸ್ಕರಿಗೆ ದಿನಕ್ಕೆ ಸುಮಾರು 400 ಗ್ರಾಂ ತರಕಾರಿಯನ್ನು ಶಿಫಾರಸು ಮಾಡುತ್ತದೆ. ನಾನು ಒಂದು ದಿನ ಬುಟ್ಟಿಗೆ ಹಾಕುತ್ತಿದ್ದದ್ದು ಅದಕ್ಕಿಂತ ಹೆಚ್ಚು.

ಕಳೆದುಹೋಗುವುದು ಮುಖ್ಯವಾಗಿ ರುಚಿ. ಬಸಿದ ತರಕಾರಿ ಸಪ್ಪೆ. ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಬಸ್ಸಾರಿನ ಪಲ್ಯಕ್ಕೆ ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿತುರಿ ಧಾರಾಳವಾಗಿ ಬೀಳುವುದು ಈ ಕಾರಣಕ್ಕೇ ಇರಬೇಕು. ಹುಳಿ, ಖಾರ, ಎಣ್ಣೆ ಮೂರೂ ಹೊರಗಿನಿಂದ ಬರಬೇಕು. ಹೆಣ್ಣುಮಗಳ ಶಿಷ್ಯತ್ವದಲ್ಲಿ ನಾನು ಕಲಿತ ನಾಲ್ಕು ವಿಷಯಗಳನ್ನು, ನನ್ನಂಥ ನಿವೃತ್ತರಿಗೆ ಉಪಯೋಗವಾದೀತೆಂದು ಇಲ್ಲಿ ದಾಖಲಿಸುತ್ತೇನೆ. ಮೊದಲನೆಯದು, ತಿನ್ನುವ ತರಕಾರಿಯನ್ನೂ ತಿನ್ನಲಾಗದ ಸಿಪ್ಪೆ, ದಂಟಿನ ನಾರು, ಕೊತ್ತಂಬರಿಯ ಬೇರುಗಳನ್ನೂ ಒಟ್ಟಿಗೆ ಹಾಕಬಾರದು. ಎರಡನೆಯ ಪಂಗಡವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟರೆ ಸಾರವೆಲ್ಲ ಇಳಿದ ಮೇಲೆ ಗಂಟನ್ನಷ್ಟೇ ಎತ್ತಿ ಗೊಬ್ಬರದ ಕುಂಡಕ್ಕೆ ಹಾಕಬಹುದು. ತರಕಾರಿಯನ್ನು ದಪ್ಪ ಹೋಳುಗಳಾಗಿಯೇ ಹಾಕಿ, ಇಪ್ಪತ್ತು ನಿಮಿಷಕ್ಕೆ, ಇನ್ನೂ ಗಟ್ಟಿಯಾಗಿರುವಾಗಲೇ ಜಾಲರಿಯಿಂದ ಎತ್ತಿಡಬೇಕು. ಗಂಟು ಮಾತ್ರ ಪೂರ್ತಿ ಹೊತ್ತು ಬೇಯಲಿ. ಬೇಯಿಸುವ ನೀರಿಗೆ ಉಪ್ಪು ಬೇಡ, ಬಡಿಸುವಾಗ ಹಾಕಿದರಾಯಿತು. ಎಲೆಕೋಸು, ಮೂಲಂಗಿಗಳನ್ನು ಹೆಚ್ಚು ಹೊತ್ತು ಬೇಯಿಸಿದರೆ ಸೂಪೂ ಪಲ್ಯವೂ ಒಂದು ತರಹದ ಗಂಧಕದ ವಾಸನೆ ಹಿಡಿಯುತ್ತವೆ. ಬೀಟ್‌ರೂಟಿನ ವಿಷಯ ಹೇಳಬೇಕಾದ್ದೇ ಇಲ್ಲ. ಒಂದು ದಿನ ನಮ್ಮ ಮನೆಯಲ್ಲಿ ಎಲ್ಲವೂ ಕೆಂಪಾಯಿತು.

ಅನಂತರದ ದಾರಿಗಳು ಹಲವು. ಪಲ್ಯ ನೀರಾಡಿದರೆ ಹುರಿಗಡಲೆ ಪುಡಿಯೋ ಹುಚ್ಚೆಳ್ಳಿನ ಪುಡಿಯೋ ಆ ನೀರನ್ನು ಹೀರಿಕೊಂಡು ರುಚಿಯನ್ನೂ ಕೊಡುತ್ತದೆ. ಚೆನ್ನಾಗಿ ಹಿಂಡಿ, ಅಕ್ಕಿಹಿಟ್ಟಿಗೆ ಸಬ್ಬಸಿಗೆ, ಈರುಳ್ಳಿ, ಹಸಿಮೆಣಸಿನಕಾಯಿಯೊಡನೆ ಕಲಸಿದರೆ ಅಕ್ಕಿರೊಟ್ಟಿ. ಮಸೆದು ಮೊಸರಿಗೆ ಬೆರೆಸಿ ಸಾಸಿವೆ, ಇಂಗಿನ ಒಗ್ಗರಣೆ ಹಾಕಿದರೆ ಮೊಸರು ಬಜ್ಜಿ. ನೆನೆಸಿದ ಕಡಲೆಬೇಳೆಯನ್ನು ತರಿತರಿಯಾಗಿ ರುಬ್ಬಿ ಅದರೊಡನೆ ಕಲಸಿದರೆ ವಡೆ, ವೈದ್ಯರಿಗೆ ಹೇಳದಿದ್ದರಾಯಿತು. ಯಾವುದಕ್ಕೂ ಪುರುಸೊತ್ತಿಲ್ಲದ ದಿನ ರುಬ್ಬಿ ಸಾರಿಗೋ ಹುಳಿಗೋ ಸೇರಿಸಿದರೆ ಅದು ಗಟ್ಟಿಯಾಗುತ್ತದೆ, ಬೇಳೆ ಒಂದು ಹಿಡಿ ಕಡಿಮೆ ಸಾಕು. ಒಂದು ಎಚ್ಚರಿಕೆ ಅವಶ್ಯ. ಬೆಂದ ತರಕಾರಿಯನ್ನು ಒಲೆಯ ಪಕ್ಕದಲ್ಲೇ ಇಡೀ ದಿನ ಬಿಡುವುದು ಮಿತವ್ಯಯವಲ್ಲ, ಅಪಾಯ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು, ಮೂರು ನಾಲ್ಕು ದಿನದೊಳಗೆ ಖರ್ಚಾಗಬೇಕು.

ಇಷ್ಟೆಲ್ಲ ಒಂದು ಮನೆಯ ಅರ್ಧ ಕಿಲೋ ತರಕಾರಿಗಾಗಿಯೇ ಎಂದು ಓದುಗರು ಕೇಳಬಹುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ಆಹಾರ ವ್ಯರ್ಥ ಸೂಚ್ಯಂಕ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಾದ್ಯಂತ ಅಂಗಡಿ, ಹೋಟೆಲು, ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಮನೆಗಳದ್ದು. ಭಾರತದ ಮನೆಗಳಿಗೆ ಆ ವರದಿ ಕೊಡುವ ಅಂದಾಜು ತಲಾ ವರ್ಷಕ್ಕೆ 55 ಕಿಲೋ. ನಾಲ್ಕು ಜನರ ಸಂಸಾರಕ್ಕೆ ಅದು ದಿನಕ್ಕೆ 600 ಗ್ರಾಮಿನಷ್ಟಾಗುತ್ತದೆ. ಈ ಅಂಕಿಯಲ್ಲಿ ಬಾಳೆಹಣ್ಣಿನ ಸಿಪ್ಪೆ, ಮೂಳೆಯಂಥ ತಿನ್ನಲಾಗದ ಭಾಗಗಳೂ ಸೇರಿವೆ ಎಂಬುದನ್ನು ಮರೆಯಬಾರದು. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಈ ವಿವರ ಸಾಮಾನ್ಯವಾಗಿ ಕಾಣೆಯಾಗುತ್ತದೆ. ಹಾಗಿದ್ದರೂ ಇದು ಚಿಕ್ಕ ಸಂಖ್ಯೆಯಲ್ಲ.

ಬೆಂಗಳೂರಿನ ಕಸದ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಮಾವಳ್ಳಿಪುರಕ್ಕೆ ಕಸ ಸುರಿಯುವುದು 2012ರಲ್ಲಿ ನಿಂತಿತು. ಮಂಡೂರಿನ ಜನ ಪ್ರತಿಭಟಿಸಿದ ಮೇಲೆ 2014ರ ಕೊನೆಗೆ ಅಲ್ಲಿಯೂ ನಿಂತಿತು. ಮೂಲದಲ್ಲೇ ಕಸ ಬೇರ್ಪಡಿಸುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಡ್ಡಾಯಗೊಳಿಸಿದವು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಇಷ್ಟೆಲ್ಲ ಆದರೂ ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂದಿಗೂ ಹಸಿ ಕಸವೇ. ತರಕಾರಿಯಲ್ಲಿ ನೂರಕ್ಕೆ ಎಂಬತ್ತೈದು ತೊಂಬತ್ತು ಪಾಲು ನೀರು. ಬೇಯಿಸಿದ ತರಕಾರಿಯನ್ನು ಲಾರಿಗೆ ತುಂಬುವುದೆಂದರೆ ಡೀಸೆಲ್ ಸುಟ್ಟು ನೀರನ್ನು ಊರಾಚೆ ಸಾಗಿಸುವುದು. ಆ ನೀರು ಬಹಳಷ್ಟು ಕಡೆ ಕೊಳವೆ ಬಾವಿಯದೋ ಕಾವೇರಿಯದೋ ಆಗಿರುತ್ತದೆ ಎಂಬುದು ಬೇರೆ ಮಾತು.

ಸೇವೆಯಲ್ಲಿದ್ದಾಗ ನಾನು ಕಂಡ ಒಂದು ಸತ್ಯವನ್ನು ಹೇಳಲೇಬೇಕು. ಕಸದ ಬಗ್ಗೆ ನಡೆದ ಯಾವ ಸಭೆಯಲ್ಲೂ ಕಸ ಹುಟ್ಟದಂತೆ ಮಾಡುವ ವಿಷಯ ಕಾರ್ಯಸೂಚಿಯ ಕೊನೆಯ ಪುಟವನ್ನು ದಾಟಿ ಮೇಲೆ ಬರಲಿಲ್ಲ. ಹುಟ್ಟಿದ ಕಸಕ್ಕೆ ಟೆಂಡರಿದೆ, ಲಾರಿಯಿದೆ, ಟನ್ನಿಗೆ ಇಷ್ಟೆಂಬ ಬಿಲ್ಲಿದೆ, ಸಂಸ್ಕರಣಾ ಘಟಕದ ಉದ್ಘಾಟನೆಯಿದೆ. ಹುಟ್ಟದೇ ಇದ್ದ ಕಸಕ್ಕೆ ಇವಾವುವೂ ಇಲ್ಲ. ಅದನ್ನು ಸಾಧನೆಯ ಪಟ್ಟಿಯಲ್ಲಿ ತೋರಿಸುವ ಅಂಕಣವನ್ನೇ ನಾವು ರೂಪಿಸಿರಲಿಲ್ಲ. ‘ನಾವು’ ಎಂಬುದರಲ್ಲಿ ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆಗೆ ವಸೂಲಿ ಮಾಡಲು ತೊಡಗಿದ ಕಸದ ಶುಲ್ಕದಲ್ಲೂ ಇದೇ ದೋಷವಿದೆ. ಮನೆಗಳಿಗೆ ಅದನ್ನು ನಿಗದಿಪಡಿಸಿದ್ದು ಕಟ್ಟಡದ ವಿಸ್ತೀರ್ಣದ ಮೇಲೆ. ಬುಟ್ಟಿ ತುಂಬಿಸಿ ಕಳುಹಿಸುವ ಮನೆಗೂ ಅರ್ಧ ಬುಟ್ಟಿಯ ಮನೆಗೂ ವಿಸ್ತೀರ್ಣ ಒಂದೇ ಆಗಿದ್ದರೆ ಶುಲ್ಕವೂ ಒಂದೇ. ಇಂಥ ಶುಲ್ಕ ಬೊಕ್ಕಸಕ್ಕೆ ಹಣ ತರಬಹುದು, ನಡವಳಿಕೆಯನ್ನು ಬದಲಿಸಲಾರದು. ದಕ್ಷಿಣ ಕೊರಿಯಾ ಆಹಾರದ ಕಸವನ್ನು ನೆಲಭರ್ತಿಗೆ ಹಾಕುವುದನ್ನು 2005ರಲ್ಲಿ ನಿಷೇಧಿಸಿ, 2013ರಿಂದ ಪ್ರಮಾಣಕ್ಕೆ ತಕ್ಕಂತೆ ಶುಲ್ಕ ವಿಧಿಸುವ ವ್ಯವಸ್ಥೆಯನ್ನು ದೇಶದಾದ್ಯಂತ ತಂದಿತು. ಅದನ್ನು ಇಲ್ಲಿಗೆ ಯಥಾವತ್ತಾಗಿ ತಂದರೆ ಮಧ್ಯರಾತ್ರಿ ರಸ್ತೆಯ ತಿರುವಿನಲ್ಲಿ ಚೀಲ ಎಸೆಯುವವರ ಸಂಖ್ಯೆ ಹೆಚ್ಚೀತೆಂಬ ಭಯ ನನಗೂ ಇದೆ. ಆದರೆ ದೊಡ್ಡ ವಸತಿ ಸಮುಚ್ಚಯಗಳು, ಕಲ್ಯಾಣ ಮಂಟಪಗಳು, ವಿದ್ಯಾರ್ಥಿ ನಿಲಯಗಳ ಮಟ್ಟಿಗಾದರೂ ತೂಕದ ಮೇಲೆ ಶುಲ್ಕ ನಿಗದಿ ಮಾಡಲು ಅಡ್ಡಿಯೇನಿಲ್ಲ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಉತ್ಪಾದಿಸುವವರನ್ನು 2016ರ ನಿಯಮಗಳೇ ಪ್ರತ್ಯೇಕ ವರ್ಗವಾಗಿ ಗುರುತಿಸಿದ್ದವು. ಸಾವಿರ ಜನರಿಗೆ ಸಾರು ಕಾಯಿಸುವ ಅಡುಗೆಮನೆಯಲ್ಲಿ ಬಸಿದ ತರಕಾರಿ ಬುಟ್ಟಿಗಳ ಲೆಕ್ಕದಲ್ಲಿರುತ್ತದೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿದ ನನ್ನ ಪತ್ನಿ ಕೇಳಿದ ಪ್ರಶ್ನೆಯೊಂದು ಈ ಲೇಖನದ ದಿಕ್ಕನ್ನೇ ಸ್ವಲ್ಪ ಬದಲಿಸಿತು. “ಅತ್ತೆಯವರು ಬಸ್ಸಾರು ಮಾಡಿದ ದಿನ ಕೊನೆಗೆ ಉಣ್ಣೋಕೆ ಕೂತಾಗ ಅವರ ತಟ್ಟೆಯಲ್ಲಿ ಏನಿರುತ್ತಿತ್ತು, ನೆನಪಿದೆಯಾ ನಿಮಗೆ?” ಎಂದಳು. ನೆನಪಿಸಿಕೊಂಡೆ. ನಮ್ಮ ಮನೆಯಲ್ಲಿ ಗಂಡಸರದ್ದು ಮೊದಲ ಪಂಕ್ತಿ, ಮಕ್ಕಳದ್ದು ಎರಡನೆಯದು. ಪಲ್ಯ ರುಚಿಯಾಗಿರುತ್ತಿದ್ದುದರಿಂದ ಅದು ನಮ್ಮಲ್ಲೇ ಮುಗಿಯುತ್ತಿತ್ತು. ಅಮ್ಮನ ಪಾಲಿಗೆ ಮುದ್ದೆಯೂ ಪಾತ್ರೆಯ ತಳದ ತೆಳು ಸಾರೂ ಉಳಿಯುತ್ತಿದ್ದವು. ಕಾಳಿನ ಸಸಾರಜನಕವೆಲ್ಲ ಪಲ್ಯದಲ್ಲಿತ್ತೆಂದು ಮೇಲೆ ಬರೆದವನು ನಾನೇ. ಹಿಂದಿನ ದಿನದ ತಂಗಳು, ಅಡಿ ಹಿಡಿದ ಅನ್ನ, ಸೀದ ರೊಟ್ಟಿ ಇವೆಲ್ಲ ಯಾರ ತಟ್ಟೆಗೆ ಹೋಗುತ್ತಿದ್ದವೆಂಬುದನ್ನು ಆ ಕಾಲದ ಯಾವ ಮನೆಯ ಮಕ್ಕಳೂ ಬಲ್ಲರು. ಏನನ್ನೂ ಎಸೆಯದ ಸಂಸಾರವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಸಂಸಾರದಲ್ಲಿ, ಎಸೆಯಬಹುದಾಗಿದ್ದುದನ್ನು ತಿನ್ನುವ ಒಬ್ಬರು ಇರುತ್ತಿದ್ದರು.

ಅರ್ಥಶಾಸ್ತ್ರ ಬಹುಕಾಲ ಕುಟುಂಬವನ್ನು ಒಡೆಯಲಾಗದ ಒಂದು ಘಟಕವೆಂದೇ ಪರಿಗಣಿಸಿತು. ಮನೆಗೆ ಬಂದ ಆಹಾರ ಎಲ್ಲರಿಗೂ ಬಂದಂತೆ ಎಂಬುದು ಆ ನಂಬಿಕೆ. ಆ ಘಟಕದೊಳಗಿನ ಹಂಚಿಕೆಯಲ್ಲಿ ಹೆಣ್ಣಿಗಾಗುವ ಅನ್ಯಾಯವನ್ನು ಅಮರ್ತ್ಯ ಸೇನ್ ಮೊದಲಾದವರು ಎತ್ತಿ ತೋರಿಸಿದಾಗ ನಾನು ಅದನ್ನು ಓದಿ ಅಡಿಗೆರೆ ಎಳೆದಿದ್ದೆ. ಅಮ್ಮನ ತಟ್ಟೆ ಮಾತ್ರ ಆಗ ನೆನಪಿಗೆ ಬರಲಿಲ್ಲ.

ಶ್ರಮದ ಲೆಕ್ಕವೂ ಹೀಗೆಯೇ. ಬಸ್ಸಾರು ಎರಡು ಪದಾರ್ಥಗಳ ಅಡುಗೆ. ಅಂದರೆ ಎರಡು ಸಲ ಒಗ್ಗರಣೆ, ಒಂದು ಸಲ ರುಬ್ಬು, ಎರಡು ಪಾತ್ರೆಗಳ ತೊಳೆತ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಗಂಡಸರು 97 ನಿಮಿಷ. ಅದೂ ಆ ಕೆಲಸದಲ್ಲಿ ತೊಡಗಿದ ಗಂಡಸರ ಸರಾಸರಿ. ಅಂಥವರು ನೂರರಲ್ಲಿ 26 ಮಂದಿ ಮಾತ್ರ. 2024ರ ಸಮೀಕ್ಷೆಯಲ್ಲಿ ಮಹಿಳೆಯರ ಸರಾಸರಿ 289 ನಿಮಿಷಕ್ಕೆ ಇಳಿದಿದೆ. ಐದು ವರ್ಷಕ್ಕೆ ಹತ್ತು ನಿಮಿಷ. ನಗರದ ಹೆಣ್ಣುಮಕ್ಕಳು ಉದ್ಯೋಗಕ್ಕೆ ಹೊರಟಾಗ ಅಡುಗೆಮನೆಯಿಂದ ಮೊದಲು ಮರೆಯಾದದ್ದು ಇಂಥ ಎರಡೆರಡು ಕೆಲಸದ ಅಡುಗೆಗಳೇ ಆಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ, ಅವರನ್ನು ದೂರುವ ಹಕ್ಕೂ ಯಾರಿಗೂ ಇಲ್ಲ. ‘ನಮ್ಮ ಅಜ್ಜಿಯರು ಏನನ್ನೂ ಎಸೆಯುತ್ತಿರಲಿಲ್ಲ’ ಎಂದು ವೇದಿಕೆಯ ಮೇಲೆ ನಿಂತು ಹೇಳುವ ಮಹನೀಯರು ಮನೆಗೆ ಹೋಗಿ ಜಾಲರಿ ತೊಳೆಯುವುದಿಲ್ಲವೆಂಬುದು ನನ್ನ ಅನುಮಾನ. ಇತ್ತೀಚಿನವರೆಗೆ ನಾನೂ ಆ ಮಹನೀಯರಲ್ಲಿ ಒಬ್ಬ.

ಆದ್ದರಿಂದ ನಾನು ಕೇಳುತ್ತಿರುವುದು ಹಳೆಯ ಅಡುಗೆಮನೆ ಮರಳಲಿ ಎಂದಲ್ಲ. ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಎರಡು ಪದಾರ್ಥಗಳ ಆ ಲೆಕ್ಕವನ್ನು. ಬಿಡಬೇಕಾದದ್ದು ಆ ಲೆಕ್ಕವನ್ನು ಒಬ್ಬರ ಬೆನ್ನಿನ ಮೇಲೂ ತಟ್ಟೆಯ ಮೇಲೂ ಹೇರುವ ಕ್ರಮವನ್ನು. ಬಸಿದ ತರಕಾರಿ ಆಗಲೇ ಬೆಂದಿರುತ್ತದೆ. ಅದನ್ನು ಪಲ್ಯ ಮಾಡಲು ನನ್ನಂಥ ನಿಧಾನಸ್ಥನಿಗೂ ಹತ್ತು ನಿಮಿಷ ಸಾಕಾಗುತ್ತದೆ, ಅನಿಲವೂ ಹೆಚ್ಚು ಖರ್ಚಾಗುವುದಿಲ್ಲ. ನಿವೃತ್ತ ಗಂಡಸರಲ್ಲಿ ಬಿಡುವಿಗೆ ಕೊರತೆಯಿದೆಯೆಂದು ಬೆಳಗಿನ ಉದ್ಯಾನಗಳಲ್ಲಿ ನಡೆಯುವ ರಾಜಕೀಯ ಚರ್ಚೆಗಳನ್ನು ಕೇಳಿದವರು ಯಾರೂ ಹೇಳಲಾರರು.

ನಮ್ಮ ವಸತಿ ಸಮುಚ್ಚಯದ ಸಂಘದ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿದೆ. ಪ್ರತಿ ಮನೆಯ ಹಸಿ ಕಸವನ್ನು ಒಂದು ತಿಂಗಳು ತೂಗಿ ಬರೆದಿಡೋಣ, ಯಾರ ಹೆಸರನ್ನೂ ಪ್ರಕಟಿಸುವುದು ಬೇಡ, ಒಟ್ಟು ತೂಕವನ್ನು ಮಾತ್ರ ವಾರಕ್ಕೊಮ್ಮೆ ಲಿಫ್ಟಿನ ಪಕ್ಕದ ಫಲಕದಲ್ಲಿ ಹಾಕೋಣ ಎಂದೆ. ಖಾಸಗಿತನಕ್ಕೆ ಧಕ್ಕೆ ಬರುತ್ತದೆಂದು ಒಬ್ಬರು, ಕಸ ತೆಗೆದುಕೊಂಡು ಹೋಗುವವರಿಗೆ ತಡವಾಗುತ್ತದೆಂದು ಇನ್ನೊಬ್ಬರು ಆಕ್ಷೇಪಿಸಿದರು. ತೂಗುವವರು ಯಾರು ಎಂಬ ಪ್ರಶ್ನೆಗೆ ಸಭೆ ಕೆಲಸದ ಹೆಂಗಸರ ಕಡೆ ನೋಡಿತು. ಅದಕ್ಕೆ ನಾನು ಒಪ್ಪಲಿಲ್ಲ. ಕೊನೆಗೆ ನನ್ನನ್ನೂ ಸೇರಿಸಿ ಐವರು ನಿವೃತ್ತರು ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಸರದಿಯಂತೆ ನಿಲ್ಲುವುದೆಂದು ತೀರ್ಮಾನವಾಗಿದೆ. ತಕ್ಕಡಿಯನ್ನು ನಾನು ತಂದಿಟ್ಟಿದ್ದೇನೆ. ಸೋಮವಾರ ಮತ್ತು ಗುರುವಾರ ನನ್ನ ಪಾಳಿ.